ಅಲೆಯ ಬೆನ್ನು ಹಿಡಿದು ದಡಕ್ಕೆ: ಸಮುದ್ರ ಕಯಾಕನ್ನು ದಡ ಸೇರಿಸುವ ನನ್ನ ಕ್ರಮ

ಕಡಲಿನಿಂದ ದಡದತ್ತ ನೋಡುವಾಗ ಕಣ್ಣಿಗೆ ಬೀಳುವುದು ಅಲೆಯ ಬೆನ್ನು. ಒಡೆಯುವ ಮುಖ ಆಚೆ ಇರುತ್ತದೆ. ಅದಕ್ಕೇ ಹೊರಗಿನಿಂದ ಎಲ್ಲ ಅಲೆಗಳೂ ಸಾಧುವಾಗಿ ಕಾಣುತ್ತವೆ. ನಾನು ಅಂದಾಜು ಮಾಡುವುದು ಹೀಗೆ: ಕಯಾಕಿನಲ್ಲಿ (ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದನೆಯ ದೋಣಿ) ಕೂತಾಗ ಕಣ್ಣು ನೀರಿನಿಂದ ಹೆಚ್ಚುಕಡಿಮೆ ಮುಕ್ಕಾಲು ಮೀಟರ್ ಮೇಲಿರುತ್ತದೆ. ಎರಡು ಅಲೆಗಳ ನಡುವಿನ ತಗ್ಗಿನಲ್ಲಿದ್ದಾಗ ಮುಂದಿನ ಅಲೆಯ ನೆತ್ತಿ ದಡದ ನೀರಂಚನ್ನು ಮುಚ್ಚಿದರೆ ಅಲೆ ಅಷ್ಟಾದರೂ ಎತ್ತರವಿದೆ ಎಂದರ್ಥ. ದಡದಲ್ಲಿ ನಿಂತವರ ತಲೆಯೂ ಮರೆಯಾದರೆ ಅಲ್ಲಿ ಇಳಿಯುವ ಯೋಚನೆಯನ್ನೇ ಬಿಡುತ್ತೇನೆ.

ಕಣ್ಣಿಗಿಂತ ಕಿವಿ ನಂಬಿಕಸ್ಥ. ಇಳಿಜಾರು ಕಡಿಮೆಯಿರುವ ದಡದಲ್ಲಿ ಅಲೆ ದೂರದಿಂದಲೇ ನೊರೆಗಟ್ಟಿ ಉರುಳುತ್ತ ಬರುತ್ತದೆ. ಸದ್ದು ಸುಯ್ಯೆಂದು ಎಳೆದಂತಿರುತ್ತದೆ. ಕಡಿದಾದ ದಡದಲ್ಲಿ ಕೊಂಚ ಹೊತ್ತು ಮೌನ, ಆಮೇಲೆ ಒಂದೇ 'ಧಡ್'. ಅಲ್ಲಿ ಅಲೆ ಇಡಿಯಾಗಿ ಮರಳಿನ ಮೇಲೆ ಕುಸಿಯುತ್ತದೆ. ಅಡಿಗೆ ಸಿಕ್ಕರೆ ಹುಟ್ಟಿನ ಜೊತೆ ಬೆನ್ನುಮೂಳೆಯೂ ಮುರಿಯಬಹುದು. ಆ ಸದ್ದು ಕೇಳಿದರೆ ಇನ್ನೆರಡು ಕಿಲೋಮೀಟರ್ ಹುಟ್ಟು ಹಾಕಿಯಾದರೂ ಬೇರೆ ಜಾಗ ಹುಡುಕುವುದೇ ಸರಿ. ಬಂಡೆಯ ಮರೆ, ಕೊಲ್ಲಿಯ ಮೂಲೆ ಇಂಥಲ್ಲಿ ಸಾಮಾನ್ಯವಾಗಿ ಅಲೆಯ ಜೋರು ಕಡಿಮೆ.

ಅಲೆಗಳು ಗುಂಪಾಗಿ ಬರುತ್ತವೆ: ಕೆಲವು ದೊಡ್ಡವು, ಹಿಂದೆಯೇ ಒಂದಿಷ್ಟು ಬಿಡುವು. ಒಡೆಯುವ ಸಾಲಿನಿಂದ ಸಾಕಷ್ಟು ಹೊರಗೆ ನಿಂತು ಕನಿಷ್ಠ 10 ನಿಮಿಷ ಎಣಿಸುತ್ತೇನೆ. ಎಣಿಸುವ ಹೊತ್ತಿನಲ್ಲೇ ಉಳಿದ ಕೆಲಸ ಮುಗಿಯುತ್ತದೆ. ರಡ್ಡರ್ ಅಥವಾ ಸ್ಕೆಗ್ (ದಿಕ್ಕು ಕಾಯಲು ಹಿಂಬದಿಯಲ್ಲಿ ನೀರಿಗಿಳಿಸುವ ರೆಕ್ಕೆ) ಮೇಲಕ್ಕೆ, ಡೆಕ್ಕಿನ ಮೇಲಿನ ಬಾಟಲಿ-ನಕ್ಷೆ ಒಳಕ್ಕೆ, ಹೆಲ್ಮೆಟ್ಟಿನ ಪಟ್ಟಿ ಬಿಗಿ. ಹುಟ್ಟಿಗೆ ಕಟ್ಟಿದ ಹಗ್ಗ ಬಿಚ್ಚಲೇಬೇಕು, ಮಗುಚಿದಾಗ ಅದು ಕೈಗೋ ಕುತ್ತಿಗೆಗೋ ಸುತ್ತಿಕೊಳ್ಳುತ್ತದೆ. ಕೂರುವ ಜಾಗಕ್ಕೆ ನೀರು ನುಗ್ಗದಂತೆ ಸೊಂಟದ ಸುತ್ತ ಮುಚ್ಚುವ ಹೊದಿಕೆ ಸ್ಪ್ರೇ ಸ್ಕರ್ಟ್. ಅದನ್ನು ಬಿಚ್ಚಲು ಎಳೆಯುವ ಕುಣಿಕೆ ಹೊರಗೇ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತೇನೆ.

ಗುಂಪಿನ ಕೊನೆಯ ದೊಡ್ಡ ಅಲೆ ನನ್ನಡಿ ದಾಟಿದೊಡನೆ ಅದರ ಬೆನ್ನಟ್ಟಿ ಜೋರಾಗಿ ಹುಟ್ಟು ಹಾಕುತ್ತೇನೆ. ಹಿಂದೆಯೇ ಇರಬೇಕು, ಮೇಲೇರಬಾರದು. ಐದು ಮೀಟರ್ ಉದ್ದದ ಕಯಾಕ್ ಅಲೆಯ ಮುಖದಲ್ಲಿ ಜಾರಿದರೆ ಮೂತಿ ನೀರಿಗೆ ಹೂತು ಹಿಂಬದಿ ಆಕಾಶಕ್ಕೇಳುತ್ತದೆ, ಇಲ್ಲವೇ ದೋಣಿ ಅಡ್ಡ ತಿರುಗುತ್ತದೆ. ಹಾಗಾಗಿ ಹಿಂಬದಿ ಎದ್ದಂತೆ ಅನಿಸಿದ ಕ್ಷಣಕ್ಕೇ ಹಿಮ್ಮುಖವಾಗಿ ಮೂರ್ನಾಲ್ಕು ಬಲವಾದ ಹುಟ್ಟು. ಅಲೆ ಮುಂದೆ ಹೋಗಲಿ, ಮತ್ತೆ ಅದರ ಬೆನ್ನು.

ಎಷ್ಟು ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ದೋಣಿ ಅಡ್ಡವಾಗಿಯೇ ಆಗುತ್ತದೆ. ಆಗ ಎಲ್ಲರ ಮೈಯೂ ತಾನಾಗಿ ದಡದ ಕಡೆ ವಾಲುತ್ತದೆ, ಮಗುಚುವುದು ಅದರಿಂದಲೇ. ವಾಲಬೇಕಾದದ್ದು ಅಲೆಯ ಕಡೆಗೆ, ನೊರೆಗೆ ಭುಜ ಕೊಟ್ಟ ಹಾಗೆ. ದಡದ ಕಡೆಯ ಮಂಡಿ ಮೇಲಕ್ಕೊತ್ತಿ ದೋಣಿಯ ಆ ಅಂಚನ್ನು ಎತ್ತಬೇಕು. ಮೊಣಕೈ ಮೇಲೆ, ಮುಷ್ಟಿ ಕೆಳಗೆ, ಹುಟ್ಟಿನ ಅಲಗಿನ ಹಿಂಬದಿ ನೊರೆಯ ಮೇಲೆ ಚಪ್ಪಟೆ. ಕೈ ಭುಜಕ್ಕಿಂತ ಮೇಲೆ ಹೋಯಿತೋ, ತೋಳು ಕೀಲು ತಪ್ಪುವ ಅಪಾಯ. ಹೀಗೆ ಒರಗಿ ಕೂತರೆ ಅಲೆಯೇ ದೋಣಿಯನ್ನು ಅಡ್ಡಡ್ಡ ದಡದವರೆಗೆ ತಳ್ಳುತ್ತದೆ. ನೋಡಲು ಚೆಂದವಿಲ್ಲ, ಆದರೆ ಸಾಕು.

ಹೆಚ್ಚು ಜನ ಗಾಯ ಮಾಡಿಕೊಳ್ಳುವುದು ಮೊಣಕಾಲುದ್ದದ ನೀರಿನಲ್ಲಿ, ಇನ್ನೇನು ಮುಗಿಯಿತು ಎನ್ನುವಾಗ. ಸ್ಕರ್ಟನ್ನು ಮೊದಲೇ ತೆಗೆದರೆ ಒಂದೇ ಅಲೆಗೆ ದೋಣಿ ತುಂಬುತ್ತದೆ, ತುಂಬಿದ ದೋಣಿ ಒಬ್ಬರ ಕೈಯಲ್ಲಿ ಅಲುಗದು. ತಳ ಮರಳಿಗೆ ತಾಗಿದ ಮೇಲೆ ತೆಗೆದು, ಕಡಲಿನ ಕಡೆಗೇ ಇಳಿಯುತ್ತೇನೆ. ದಡಕ್ಕೂ ದೋಣಿಗೂ ನಡುವೆ ಎಂದೂ ನಿಲ್ಲುವುದಿಲ್ಲ. ಮುಂದಿನ ಅಲೆ ದೋಣಿಯನ್ನು ನೇರ ಮೊಣಕಾಲಿಗೆ ಬಡಿಯುತ್ತದೆ. ಮಗುಚಿ ಈಜುವಾಗಲೂ ಇದೇ ನಿಯಮ. ತುದಿಯ ಹಿಡಿಯನ್ನು ಹಿಡಿಯಬೇಕು, ಆದರೆ ಅದರ ಹಗ್ಗದ ಕುಣಿಕೆಯೊಳಗೆ ಬೆರಳು ತೂರಿಸಬಾರದು. ದೋಣಿ ಉರುಳಿದರೆ ಬೆರಳೂ ತಿರುಚಿಕೊಳ್ಳುತ್ತದೆ.

ಜೊತೆಗಿದ್ದರೆ ಒಬ್ಬರಾದ ಮೇಲೆ ಒಬ್ಬರು. ಮೊದಲು ಇಳಿಯುವವರು ಪಳಗಿದವರಾಗಿರಬೇಕು, ಕೊನೆಗೆ ಉಳಿಯುವವರೂ. ದಡದಲ್ಲಿರುವವರು ಹುಟ್ಟನ್ನು ನೆಟ್ಟಗೆ ಎತ್ತಿದರೆ 'ಬನ್ನಿ', ತಲೆಯ ಮೇಲೆ ಅಡ್ಡ ಹಿಡಿದರೆ 'ನಿಲ್ಲಿ'. ಈ ಗುರುತುಗಳನ್ನು ಹೊರಡುವ ಮುಂಚೆಯೇ ಮಾತಾಡಿಕೊಂಡಿರಬೇಕು. ಅಲೆಯ ಸದ್ದಿನಲ್ಲಿ ಕೂಗಿದ್ದು ಯಾರಿಗೂ ಕೇಳುವುದಿಲ್ಲ.