ಬೆಸುಗೆಯಲ್ಲಿ ಸೋರಿದ ಎರಡು ಟೆಸ್ಲಾ

ನನ್ನ ಮೊದಲ ಸೂಪರ್‌ಕಂಡಕ್ಟರ್ ಸುರುಳಿ ಅಂಗೈಯಷ್ಟೇ ದೊಡ್ಡದು. ಸೂಪರ್‌ಕಂಡಕ್ಟರ್ ಅಂದರೆ ಕಡುಚಳಿಯಲ್ಲಿ ಕರೆಂಟಿಗೆ ರೋಧವನ್ನೇ ಒಡ್ಡದ ವಸ್ತು. 10 ಸೆಂ.ಮೀ. ಉದ್ದ, ಸರಾಸರಿ 4 ಸೆಂ.ಮೀ. ಅಡ್ಡಳತೆ. 0.3 ಮಿ.ಮೀ. ದಪ್ಪದ ನಯೋಬಿಯಂ-ಟೈಟಾನಿಯಂ ತಂತಿ, 4000 ಸುತ್ತು. ಸುತ್ತೋದರಲ್ಲೇ ಬೆರಳು ಸವೆದವು.

ಲೆಕ್ಕಕ್ಕೆ ಹೊಸ ಸೂತ್ರವೇನೂ ಬೇಕಾಗಲಿಲ್ಲ. ಕಾಂತಕ್ಷೇತ್ರ ಹುಟ್ಟುವುದು ಕರೆಂಟಿನಿಂದ. ತಂತಿ ತಾಮ್ರದ್ದೋ ಸೂಪರ್‌ಕಂಡಕ್ಟರೋ ಅಂತ ಅದು ಕೇಳುವುದಿಲ್ಲ. 40 ಆಂಪಿಯರ್ ಹರಿಸಿದರೆ ಸುಮಾರು 2 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಬರಬೇಕು. ಸುರುಳಿ ಗಿಡ್ಡ, ತುದಿಗಳಲ್ಲಿ ಕ್ಷೇತ್ರ ಹರಡಿಹೋಗುತ್ತದೆ, ಹಾಗಾಗಿ ನಡುವೆ ಸಿಗುವುದು 1.86. ಇಷ್ಟು ತೆಳು ತಾಮ್ರದ ತಂತಿಗೆ 40 ಆಂಪಿಯರ್ ಕೊಟ್ಟರೆ ಸುಟ್ಟೇ ಹೋಗುತ್ತದೆ. 4.2 ಕೆಲ್ವಿನ್‌ನ ದ್ರವ ಹೀಲಿಯಂನಲ್ಲಿ ಮುಳುಗಿದ ಈ ತಂತಿಗೆ ರೋಧವೇ ಇಲ್ಲ, ಬಿಸಿಯೂ ಇಲ್ಲ.

ಆದರೆ ಮೊದಲ ಸಲ 31 ಆಂಪಿಯರ್‌ಗೇ ಬುಸ್ ಅಂತ ಹೀಲಿಯಂ ಆವಿ ಎದ್ದಿತು. ಕ್ವೆಂಚ್, ಅಂದರೆ ಸೂಪರ್‌ಕಂಡಕ್ಟಿವಿಟಿ ಒಮ್ಮೆಲೇ ಕಳಚಿಬಿದ್ದದ್ದು! ಕಾಂತಬಲ ತಂತಿಯನ್ನು ಹೊರಕ್ಕೆ ತಳ್ಳುತ್ತದೆ. ಎಲ್ಲೋ ಒಂದು ಸುತ್ತು ಕೂದಲೆಳೆಯಷ್ಟು ಜಾರಿದರೂ ಸಾಕು, ಆ ಬಿಸಿಗೆ ಅಲ್ಲಿ ರೋಧ ಹುಟ್ಟಿ ಇಡೀ ಸುರುಳಿಗೆ ಹಬ್ಬುತ್ತದೆ. ಎರಡನೇ ಸಲ 36. ಮೂರನೇ ಸಲ 40 ದಾಟಿತು. ತಂತಿಗಳು ತಮ್ಮ ಜಾಗ ಹಿಡಿದು ಕೂತಿದ್ದವು. ಇದಕ್ಕೆ ಟ್ರೇನಿಂಗ್ ಅಂತಾರೆ, ಸರಿಯಾದ ಹೆಸರೇ.

ಆಮೇಲೆ ನಾನು ಕಾಯುತ್ತಿದ್ದ ಘಟ್ಟ. ಸುರುಳಿಯ ಎರಡು ತುದಿಗಳ ನಡುವೆ ಸೂಪರ್‌ಕಂಡಕ್ಟರ್‌ನದೇ ಒಂದು ಸಣ್ಣ ಸ್ವಿಚ್, ಅದಕ್ಕೊಂದು ಹೀಟರ್. ಸ್ವಿಚ್ ಬಿಸಿ ಇರುವಾಗ ಅದಕ್ಕೆ ರೋಧ ಇರುತ್ತದೆ, ಕರೆಂಟ್ ಸುರುಳಿಗೆ ಹೋಗುತ್ತದೆ. ಹೀಟರ್ ಆರಿಸಿ ಪವರ್ ಸಪ್ಲೈ ನಿಧಾನ ಸೊನ್ನೆಗೆ ಇಳಿಸಿದೆ. ಕರೆಂಟ್ ಸ್ವಿಚ್ ಮೂಲಕ ತನ್ನಷ್ಟಕ್ಕೆ ಸುತ್ತತೊಡಗಿತು. ಕ್ಷೇತ್ರ ಅಳೆಯುವ ಹಾಲ್ ಪ್ರೋಬ್‌ನಲ್ಲಿ ಇನ್ನೂ 1.86! ಖುಷಿಯಿಂದ ಮನೆಗೆ ಹೋದೆ.

ಹತ್ತು ಗಂಟೆ ಕಳೆದು ಬಂದು ನೋಡಿದರೆ 1.46.

ಸುರುಳಿಯ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಗೆ ಅದು ಒಡ್ಡುವ ವಿರೋಧ, 0.22 ಹೆನ್ರಿ. ಇಷ್ಟು ಇಳಿಯಬೇಕಾದರೆ ದಾರಿಯಲ್ಲಿ ಎಲ್ಲೋ ಒಂದೂವರೆ ಮೈಕ್ರೋ ಓಂ ಕೂತಿರಬೇಕು. ಅನುಮಾನ ಬೆಸುಗೆ ಮೇಲೆ. ತಂತಿಯ ತುದಿಗಳನ್ನು ಸೀಸ-ತವರದ ಬೆಸುಗೆಯಿಂದ ಕೂಡಿಸಿದ್ದೆ. 4.2 ಕೆಲ್ವಿನ್‌ನಲ್ಲಿ ಅದೂ ಸೂಪರ್‌ಕಂಡಕ್ಟರೇ, ಹಾಗಾಗಿ ನಿಶ್ಚಿಂತೆಯಿಂದಿದ್ದೆ. ಆದರೆ ಅದನ್ನು ಕೂರಿಸಿದ್ದು ಸುರುಳಿಯ ಬಾಯಿಯ ಪಕ್ಕದಲ್ಲೇ. ಸುರುಳಿಯದೇ ಕ್ಷೇತ್ರ ಅಲ್ಲಿ ಬೆಸುಗೆಗೆ ತಡೆಯಲಾಗದಷ್ಟು ಜಾಸ್ತಿ, ಅದು ಸೂಪರ್‌ಕಂಡಕ್ಟರ್ ಆಗಿ ಉಳಿಯಲಿಲ್ಲ. ಅಂದರೆ ನಾನು ಹುಟ್ಟಿಸಿದ ಕ್ಷೇತ್ರವೇ ನನ್ನ ಕರೆಂಟನ್ನು ತಿನ್ನುತ್ತಿತ್ತು.

ಇದೇ ಸೀಸ ಡಚ್ ವಿಜ್ಞಾನಿ ಕಾಮರ್ಲಿಂಗ್ ಓನ್ಸ್ ಅವರಿಗೂ ಕೈಕೊಟ್ಟಿತ್ತು. 1911ರಲ್ಲಿ ಸೂಪರ್‌ಕಂಡಕ್ಟಿವಿಟಿ ಕಂಡುಹಿಡಿದ ಮೇಲೆ ಅವರು ಸೀಸದ ಸುರುಳಿಯಿಂದ ಭಾರಿ ಕಾಂತ ಮಾಡುವ ಕನಸು ಕಂಡರು. ಟೆಸ್ಲಾದ ಹತ್ತನೇ ಒಂದು ಭಾಗವೂ ಆಗುವ ಮೊದಲೇ ಸೀಸ ಮಾಮೂಲಿ ಲೋಹವಾಗಿಬಿಟ್ಟಿತು. ನಾನು ಅದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬೆಸುಗೆ ಹಾಕುವಾಗ ನೆನಪಿಗೆ ಬರಲಿಲ್ಲ, ಅಷ್ಟೇ.

ಬೆಸುಗೆಯನ್ನು ಸುರುಳಿಯಿಂದ 20 ಸೆಂ.ಮೀ. ಮೇಲಕ್ಕೆ ಎತ್ತಿ ಕಟ್ಟಿದೆ. ಅಲ್ಲಿ ಕ್ಷೇತ್ರ ಕೆಲವೇ ಮಿಲಿಟೆಸ್ಲಾ. ಮತ್ತೆ ತಣಿಸಿ, ಮತ್ತೆ 40 ಆಂಪಿಯರ್. ಮೂರು ದಿನ ಮೀಟರ್‌ನ ಕೊನೆಯ ಅಂಕಿಯೂ ಅಲುಗಲಿಲ್ಲ. ಕೊನೆಗೆ ಹೀಲಿಯಂ ತಳ ಕಾಣತೊಡಗಿತು. ಸಪ್ಲೈಯನ್ನು ಪುನಃ 40ಕ್ಕೆ ಏರಿಸಿ, ಹೀಟರ್ ಹಾಕಿ, ನಾನೇ ಕ್ಷೇತ್ರ ಇಳಿಸಿದೆ.