ಶ್ಮಿಡ್‌ನ ಕೊನೇ ಪತ್ರ ಕನ್ನಡಕ್ಕೆ ತಂದ ಕಥೆ

ಆಂಟನ್ ಶ್ಮಿಡ್ ವಿಯೆನ್ನಾದಲ್ಲಿ ರೇಡಿಯೊ ಅಂಗಡಿ ಇಟ್ಟುಕೊಂಡಿದ್ದವನು. ಯುದ್ಧ ಬಂತು, ಹಿಟ್ಲರನ ಸೈನ್ಯಕ್ಕೆ ಎಳೆದುಕೊಂಡರು, 1941ರಲ್ಲಿ ವಿಲ್ನಾಕ್ಕೆ (ಲಿಥುವೇನಿಯಾದ ಈಗಿನ ವಿಲ್ನಿಯಸ್) ಹಾಕಿದರು. ತುಕಡಿ ತಪ್ಪಿಹೋದ ಸೈನಿಕರನ್ನು ಒಟ್ಟುಮಾಡಿ ವಾಪಸ್ ಕಳಿಸುವ ಕಚೇರಿ ಅವನ ಕೈಯಲ್ಲಿತ್ತು. ಅದರ ವರ್ಕ್‌ಶಾಪುಗಳಲ್ಲಿ ಯೆಹೂದಿಗಳು ದುಡಿಯುತ್ತಿದ್ದರು. ಕೆಲಸದ ಚೀಟಿ ಇದ್ದರೆ ಅಷ್ಟು ದಿನ ಜೀವ. ಇಲ್ಲದವರನ್ನು ಪೊನಾರಿ ಕಾಡಿಗೆ ಒಯ್ದು ಗುಂಡಿಕ್ಕುತ್ತಿದ್ದರು. ಶ್ಮಿಡ್ ಚೀಟಿ ಕೊಟ್ಟ, ಮನೆಯಲ್ಲಿ ಬಚ್ಚಿಟ್ಟ, ಸೈನ್ಯದ್ದೇ ಲಾರಿಗಳಲ್ಲಿ ನೂರಾರು ಜನರನ್ನು ಬಿಯಾಲಿಸ್ಟಾಕ್, ಲಿಡಾ ಊರುಗಳ ಕಡೆ ದಾಟಿಸಿದ. 1942ರ ಜನವರಿಯಲ್ಲಿ ಸಿಕ್ಕಿಬಿದ್ದ. ಏಪ್ರಿಲ್ 13ರಂದು ಕೊಂದರು.

ಅದಕ್ಕೆ ಮುಂಚೆ ಹೆಂಡತಿ ಸ್ಟೆಫಿಗೆ ಬರೆದ ಪತ್ರವನ್ನು ನಾನು ಜರ್ಮನ್‌ನಿಂದ ಅನುವಾದ ಮಾಡಿದೆ. ಮೊದಲ ಕರಡನ್ನು ಅಮ್ಮನಿಗೆ ಓದಿ ಹೇಳಿದಾಗ, "ಇವನೇನೋ ಹೆಂಡ್ತಿಗೆ ಭಾಷಣ ಬಿಗೀತಿದಾನಲ್ಲೋ" ಅಂದಳು. ಸರಿಯಾಗೇ ಹೇಳಿದ್ದಳು. "ನನ್ನ ಮೃದು ಹೃದಯ" ಅಂತ ಬರೆದಿದ್ದೆ. ಮೂಲದಲ್ಲಿರುವುದು ಅದೇ, ಆದರೆ ಕನ್ನಡದಲ್ಲಿ ಕರಗುವುದು ಕರುಳು. ಜೊತೆಗೆ ಶ್ಮಿಡ್ ಸಾಲುಸಾಲಿಗೂ ‘ಯಾ’ ಎಂಬ ಪುಟ್ಟ ಪದ ಹಾಕುತ್ತಾನೆ. ನಿಘಂಟಿನಲ್ಲಿ ಅದಕ್ಕೆ ‘ಹೌದು’. ಇಲ್ಲಿ ಅದು ‘ಗೊತ್ತಲ್ಲ’ ಅನ್ನುವಾಗಿನ ನಮ್ಮ ‘ಅಲ್ಲ’. ಹಾಗಾಗಿ ಸಾಲು ಹೀಗಾಯಿತು: "ನನ್ನ ಕರುಳು ಎಂಥದ್ದು ಅಂತ ನಿನಗೆ ಗೊತ್ತಲ್ಲ. ಯೋಚನೆ ಮಾಡೋಕಾಗಲಿಲ್ಲ, ಸಹಾಯ ಮಾಡಿದೆ."

ಯೆಹೂದಿ ಮಕ್ಕಳನ್ನು ದಾರಿಯಲ್ಲೇ ಮರಕ್ಕೆ ಬಡಿದರು ಎಂಬ ಮಾತೂ ಪತ್ರದಲ್ಲಿದೆ. ಅದಕ್ಕೆ ‘ಅಪ್ಪಳಿಸಿದರು’ ಬೇಕೋ ‘ಚಚ್ಚಿದರು’ ಬೇಕೋ ಎಂದು ಒಂದಿಡೀ ಸಂಜೆ ಒದ್ದಾಡಿದೆ. ಅವನು ಮಾತ್ರ ಅದನ್ನು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ. ನಾನು ಯಾರು ಬಣ್ಣ ಹಚ್ಚೋಕೆ? ‘ಬಡಿದರು’ ಅಂತಲೇ ಬಿಟ್ಟೆ.

ಎರಡು ವಾರ ತಿಂದದ್ದು ‘ಮೆನ್ಶ್’, ಮನುಷ್ಯ ಎಂಬುದರ ಜರ್ಮನ್ ಪದ. "ಮಾನವೀಯತೆಯಿಂದ ವರ್ತಿಸಿದೆ" ಅಂದರೆ ಸನ್ಮಾನ ಪತ್ರದ ಭಾಷೆ. ‘ಮಾನವನಾಗಿ’ ಅಂದರೆ ವಚನ ಸಾಹಿತ್ಯದ ಗೋಷ್ಠಿ. ಕೊನೆಗೆ: "ಮನುಷ್ಯನಾಗಿ ನಡಕೊಂಡೆ ಅಷ್ಟೆ. ಯಾರಿಗೂ ನೋವು ಮಾಡೋ ಮನಸ್ಸಿರಲಿಲ್ಲ." ಆ ‘ಅಷ್ಟೆ’ ಸಿಕ್ಕಿದ ಮೇಲೆ ಉಳಿದ ವಾಕ್ಯಗಳು ತಾವಾಗಿ ಕೂತವು. ಶುರುವಿಗೆ "ಚಿ. ಸೌ." ಹಾಕುವ ಆಸೆಯೂ ಇತ್ತು. ಹಾಕಲಿಲ್ಲ, ವಿಯೆನ್ನಾದ ಸ್ಟೆಫಿಗೆ ಅದು ಹೊಂದುವುದಿಲ್ಲ.

ಮತ್ತೆ ಅಮ್ಮನಿಗೆ ಓದಿದೆ. ಈ ಸಲ ಭಾಷೆ ಬಗ್ಗೆ ಏನೂ ಅನ್ನಲಿಲ್ಲ.

"ಕಾಗದ ಬಂದಾಗ ಅವಳೊಬ್ಬಳೇ ಇದ್ದಳಾ?"

"ಮಗಳಿದ್ದಳು. ವಿಷಯ ತಿಳಿದ ಮೇಲೆ ಅಕ್ಕಪಕ್ಕದವರು ದ್ರೋಹಿಯ ಹೆಂಡತಿ ಅಂತ ಬೈದು ಕಿಟಕಿ ಗಾಜು ಒಡೆದರು" ಅಂದೆ.