ಸ್ಕ್ರಮ್ ಶುರು ಮಾಡೋ ಮುಂಚೆ ಯಾರ ಕೆಲಸ ಯಾವುದು ಅಂತ ಖಾತ್ರಿ ಮಾಡಿಕೊಳ್ರಿ
ಕಲಬುರಗಿ, ಬೀದರ್ ಕಡೆ ಫೈನಲ್ ಇಯರ್ ಪ್ರಾಜೆಕ್ಟಿಗೋ ಸಣ್ಣ ಆಫೀಸಿನ ಸಾಫ್ಟ್‌ವೇರ್ ಕೆಲಸಕ್ಕೋ ಸ್ಕ್ರಮ್ (ಕೆಲಸಾನ ಸಣ್ಣ ಸಣ್ಣ ಸುತ್ತಿನಾಗ ತಂಡವಾಗಿ ಮಾಡೋ ಪದ್ಧತಿ) ಬಳಸೋರು ಇದನ್ನ ನೋಡ್ರಿ.

ತಂಡ 10 ಮಂದಿ ಮೀರೋದು ಬ್ಯಾಡ. ಪ್ರಾಡಕ್ಟ್ ಓನರ್ ಒಬ್ಬರೇ ಇರಬೇಕು. ಯಾವ ಕೆಲಸ ಮೊದಲು ಅನ್ನೋದು ಅವರ ಮಾತು. ಇಬ್ಬರಾದ್ರ ಮಾಡಬೇಕಾದ ಕೆಲಸಗಳ ಪಟ್ಟಿ, ಅಂದ್ರ ಬ್ಯಾಕ್‌ಲಾಗ್‌ನಾಗ ಎಲ್ಲಾನೂ 'ಅರ್ಜೆಂಟ್' ಆಗ್ತದ. ಸ್ಕ್ರಮ್ ಮಾಸ್ಟರ್ ಅಂದ್ರ ಮ್ಯಾನೇಜರ್ ಅಲ್ಲ, ಅಡ್ಡಿ ತೆಗೆಸೋರು. ಕೆಲಸ ಹೆಂಗ ಮಾಡೋದು ಅಂತ ಡೆವಲಪರ್‌ಗಳೇ ತೀರ್ಮಾನ ಮಾಡ್ತಾರ. ಟೆಸ್ಟಿಂಗ್ ಮಾಡೋರೂ ಅವರೊಳಗೇ ಬರ್ತಾರ.

ಸ್ಪ್ರಿಂಟ್ (ಒಂದು ಸುತ್ತು ಕೆಲಸದ ಅವಧಿ) ಒಂದು ತಿಂಗಳು ದಾಟಬಾರದು, ಹೊಸಬರಿಗೆ 2 ವಾರ ಸಾಕು. ದಿನದ ಮೀಟಿಂಗ್ 15 ನಿಮಿಷ. ಹೆಚ್ಚಾಗಿ ಇಲ್ಲೇ ಹಳಿ ತಪ್ಪೋದು: ಮಂದಿ 'ಸರ್'ಗೆ ವರದಿ ಒಪ್ಪಿಸಲಿಕ್ಕ ಶುರು ಮಾಡ್ತಾರ. ಸ್ಪ್ರಿಂಟ್ ಗುರಿ ಮುಟ್ಟಲಿಕ್ಕ ಇವತ್ತು ಏನು ಮಾಡ್ತೀವಿ, ಎಲ್ಲಿ ಸಿಕ್ಕಿಬಿದ್ದೀವಿ, ಇಷ್ಟೇ ಮಾತಾಡ್ರಿ. ಬಗ್ ಬಿಡಿಸೋ ಚರ್ಚೆ ಸಂಬಂಧಪಟ್ಟ ಇಬ್ಬರು ಆಮೇಲೆ ಚಹಾ ಕುಡೀತಾ ಮಾಡಲಿ.

'ಮುಗೀತು' ಅಂದ್ರ ಏನು ಅಂತ ಮೊದಲೇ ಬರೆದಿಡ್ರಿ: ಕೋಡ್ ರಿವ್ಯೂ ಆಗಿರಬೇಕು, ಟೆಸ್ಟ್ ಪಾಸಾಗಿರಬೇಕು, ಉಳಿದ ಕೋಡ್ ಜೊತೆ ಕೂಡಿಸಿ ಓಡಿಸಿ ನೋಡಿರಬೇಕು. ಇಲ್ಲಾಂದ್ರ '90% ಆಗ್ಯದ' ಅಂತ ಮೂರು ಸ್ಪ್ರಿಂಟ್ ಎಳೀತದ. ಅರ್ಧಮರ್ಧ ಆದದ್ದು ಸ್ಪ್ರಿಂಟ್ ಕೊನೆಗೆ ಮಾಡೋ ರಿವ್ಯೂ ಮೀಟಿಂಗಿನಾಗ ತೋರಿಸಬ್ಯಾಡ್ರಿ, ಬ್ಯಾಕ್‌ಲಾಗ್‌ಗೆ ವಾಪಸ್ ಹಾಕ್ರಿ.